ವರ್ಷಕ್ಕೊಂದು ಪದರ ಮಣ್ಣು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಕನ್ನಡ ನಾಡಿನಲ್ಲೆಲ್ಲ ಬಳಕೆಯಲ್ಲಿದೆ. ಆದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳೆಯ ಮಾಳಿಗೆ ಮನೆಗಳ ಮಟ್ಟಿಗೆ ಈ ಗಾದೆ ಹೇಳುವುದು ಅರ್ಧ ಮಾತು. ಇಲ್ಲಿ ಮನೆಯನ್ನು ಅಜ್ಜ ಕಟ್ಟುತ್ತಾನೆ, ಮಗ ಕಟ್ಟುತ್ತಾನೆ, ಮೊಮ್ಮಗನೂ ಕಟ್ಟುತ್ತಲೇ ಇರುತ್ತಾನೆ. ಪ್ರತಿ ಬೇಸಿಗೆಯ ಕೊನೆಗೆ ಮಾಳಿಗೆ ಹತ್ತಿ ಮಣ್ಣು ಹಾಕದ ಮನೆ ಮಳೆಗಾಲದಲ್ಲಿ ಸೋರುತ್ತದೆ. ನಾಲ್ಕಾರು ವರ್ಷ ಬಿಟ್ಟರೆ ಬೀಳುತ್ತದೆ. ಹೀಗೆ ಮನೆಯನ್ನು ಉಳಿಸಿಕೊಂಡು ಬಂದ ಈ ದುರಸ್ತಿಯೇ ಮನೆಯವರಿಗೆ ಅಪಾಯವನ್ನೂ ಕೂಡಿಹಾಕುತ್ತಾ ಬಂದಿದೆ ಎಂಬುದು 1993ರವರೆಗೆ ಹೆಚ್ಚು ಜನರ ಗಮನಕ್ಕೆ ಬಂದಿರಲಿಲ್ಲ.

ಆಳಂದ ತಾಲ್ಲೂಕಿನ ಭೂಸನೂರ ಎಂದೊಡನೆ ಈಗ ನೆನಪಾಗುವುದು ಅಲ್ಲಿಯ ಸಕ್ಕರೆ ಕಾರ್ಖಾನೆ. ಈ ಸೀಮೆಯ ಹೊಳೆ ಅಮರ್ಜಾ. ಆಳಂದ ತಾಲ್ಲೂಕಿನಲ್ಲಿ ಹರಿದು, ಕೊರಳ್ಳಿಯ ಬಳಿ ಅಣೆಕಟ್ಟೆಯಲ್ಲಿ ತಂಗಿ, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಸಂಗಮದಲ್ಲಿ ಅದು ಭೀಮಾ ನದಿಯನ್ನು ಸೇರುತ್ತದೆ. ಭೀಮೆ ಮುಂದೆ ಜೇವರ್ಗಿಯತ್ತ ಸಾಗುತ್ತದೆ. ಹೊಳೆಯ ದಂಡೆಯಲ್ಲಿ ಎರೆ ಹೊಲ, ಹೊಲಕ್ಕೆ ಹತ್ತಿರವಾಗಿ ಊರು, ಊರಲ್ಲಿ ಒಂದಕ್ಕೊಂದು ಬೆನ್ನು ಹಚ್ಚಿ ನಿಂತ ಮಾಳಿಗೆ ಮನೆಗಳು. ನೀರು, ಮೇವು, ಹೊಲ ಮೂರೂ ಕಾಲಳತೆಯಲ್ಲಿ ಇರಬೇಕೆಂದು ಹಿಂದಿನವರು ಆರಿಸಿಕೊಂಡ ಜಾಗಗಳಿವು.

ಎರೆ, ಕರಿಕಲ್ಲು, ಸವುಳು

ಈ ಮನೆಗಳ ಸಾಮಗ್ರಿಯೆಲ್ಲ ಸುತ್ತಮುತ್ತಲೇ ಸಿಗುವಂಥದ್ದು. ಗೋಡೆಗೆ ದಖನ್ನಿನ ಕರಿಕಲ್ಲು, ಕಲ್ಲಿನ ನಡುವೆ ಗಾರೆಯ ಬದಲು ಕಲಸಿದ ಮಣ್ಣು. ನೆಲಕ್ಕೆ ಅನುಕೂಲವಿದ್ದವರಲ್ಲಿ ಶಹಾಬಾದಿನ ಪರಸಿ, ಇಲ್ಲದವರಲ್ಲಿ ಸಗಣಿ ಸಾರಿಸಿದ ಮಣ್ಣು. ಒಳಗೆ ಸಾಲಾಗಿ ಕಟ್ಟಿಗೆಯ ಕಂಬಗಳು, ಕಂಬದ ತಲೆಗೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿ. ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆಯ ತುಂಡುಗಳನ್ನು ಒತ್ತಾಗಿ ಜೋಡಿಸಿ, ಹುಲ್ಲು, ಕಡ್ಡಿ, ಬೇವಿನ ತೊಪ್ಪಲು ಹರಡಿ, ಮೇಲೆ ಮಣ್ಣು ತುಂಬಿ ಬಡಿಯುತ್ತಾರೆ. ನಾಲ್ಕು ಕಂಬಗಳ ನಡುವಿನ ಜಾಗಕ್ಕೆ ಅಂಕಣ ಎಂದು ಹೆಸರು. ಮನೆ ಎಷ್ಟು ದೊಡ್ಡದೆಂದು ಕೇಳಿದರೆ ಹಿರಿಯರು ಲೆಕ್ಕ ಹೇಳುವುದು ಅಂಕಣಗಳಲ್ಲಿ.

ಮೇಲಿನ ಪದರಕ್ಕೆ ಬಳಸುವುದು ಸವುಳು ಮಣ್ಣು. ಬೆಳೆಗೆ ಬಾರದ ಈ ಉಪ್ಪುಮಣ್ಣು ಮಾಳಿಗೆಗೆ ಬರುವುದಕ್ಕೆ ಕಾರಣವಿದೆ. ಇದರಲ್ಲಿ ಸೋಡಿಯಂ ಲವಣ ಹೆಚ್ಚು. ನೀರು ತಾಗಿದೊಡನೆ ಇದರ ಸೂಕ್ಷ್ಮ ಕಣಗಳು ಬಿಡಿಬಿಡಿಯಾಗಿ ಹರಡಿ, ಮಣ್ಣಿನ ಸಂದುಗಳನ್ನು ತುಂಬಿ ಮುಚ್ಚುತ್ತವೆ. ನೀರು ಒಳಗಿಳಿಯದೆ ಮೇಲೆಯೇ ಜಾರಿ, ಗೋಡೆಯಿಂದ ಹೊರಚಾಚಿದ ದೋಣಿಯ ಮೂಲಕ ಕೆಳಗೆ ಬೀಳುತ್ತದೆ. ಹೊಲದಲ್ಲಿ ಬೇರಿಗೆ ನೀರಿಳಿಯದಂತೆ ಮಾಡುವ ದೋಷವೇ ಮಾಳಿಗೆಯ ಮೇಲೆ ಗುಣವಾಗುತ್ತದೆ. ಆದರೆ ಮಳೆಗೆ ಈ ಪದರ ಸ್ವಲ್ಪಸ್ವಲ್ಪವಾಗಿ ತೊಳೆದುಹೋಗುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಆದ್ದರಿಂದಲೇ ಯುಗಾದಿ ಕಳೆದು ರೋಹಿಣಿ ಮಳೆ ಬರುವುದರೊಳಗೆ ಹೊಸ ಮಣ್ಣು ಬೀಳಬೇಕು.

ಇಷ್ಟೆಲ್ಲ ಕಷ್ಟ ಏಕೆಂದು ಕೇಳುವವರು ಮೇ ತಿಂಗಳ ಒಂದು ಮಧ್ಯಾಹ್ನವನ್ನು ಈ ಮನೆಯಲ್ಲಿ ಕಳೆಯಬೇಕು. ಹೊರಗೆ 42 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಲಿದ್ದರೂ ಎರಡಡಿ ದಪ್ಪದ ಗೋಡೆ, ಮೇಲಿನ ಮಣ್ಣು ಶಾಖವನ್ನು ಒಳಗೆ ಬಿಡಲು ಹೊತ್ತು ತೆಗೆದುಕೊಳ್ಳುತ್ತವೆ. ಹಗಲಿನ ಶಾಖ ಒಳಗೆ ತಲುಪುವ ಹೊತ್ತಿಗೆ ಸಂಜೆಯಾಗಿರುತ್ತದೆ. ಆಗ ಮನೆಮಂದಿ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತಿರುತ್ತಾರೆ. ತಗಡಿನ ಮನೆಯಲ್ಲಾಗಲಿ, ತೆಳು ಸ್ಲ್ಯಾಬಿನ ಮನೆಯಲ್ಲಾಗಲಿ ಈ ತಂಪು ಸಿಗುವುದಿಲ್ಲ.

ಅಂಕಣದಿಂದ ಅಂಕಣಕ್ಕೆ ಸಂಸಾರ

ದುರಸ್ತಿ ಎಂದರೆ ಮನೆ ಖಾಲಿ ಮಾಡಿ ಬೇರೆಡೆ ಇರುವುದು ಪಟ್ಟಣದ ಅನುಕೂಲ. ಇಲ್ಲಿ ಸಂಸಾರ ಒಳಗಿರುವಾಗಲೇ ಕೆಲಸ ನಡೆಯುತ್ತದೆ. ಒಂದು ಅಂಕಣದ ಜಂತಿ ಬದಲಿಸುವಾಗ ಕಾಳಿನ ಚೀಲ, ಪಾತ್ರೆ ಪಗಡ, ತೊಟ್ಟಿಲು ಪಕ್ಕದ ಅಂಕಣಕ್ಕೆ ಹೋಗುತ್ತವೆ. ಅದು ಮುಗಿದ ಮೇಲೆ ಇವು ಮರಳಿ ಬಂದು ಇನ್ನೊಂದು ಅಂಕಣ ಬಿಚ್ಚುತ್ತದೆ. ಬೋದಿಗೆ, ತೊಲೆ, ಜಂತಿಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ಕೂಡಿಸುವಂತೆ ಮಾಡಿರುವುದರಿಂದಲೇ ಇದು ಸಾಧ್ಯ.

ಕೆಲಸದ ಹಂಚಿಕೆಯೂ ಮನೆಯೊಳಗೇ ಇದೆ. ಮಣ್ಣು ಹೊತ್ತು ಮೇಲೆ ಹಾಕುವುದು ಗಂಡಸರ ಹೆಸರಿನಲ್ಲಿ ನಡೆದರೂ ಬುಟ್ಟಿ ಹೊರುವವರಲ್ಲಿ ಹೆಂಗಸರೂ ಇರುತ್ತಾರೆ. ಒಳಗಿನ ಗೋಡೆ ಮೆತ್ತುವುದು, ನೆಲ ಸಾರಿಸುವುದು, ಒಲೆಯ ಸುತ್ತ ಮಣ್ಣು ಕಟ್ಟುವುದು, ಇಲಿ ತೋಡಿದ ಬಿಲ ಮುಚ್ಚುವುದು ಪೂರ್ತಿಯಾಗಿ ಹೆಂಗಸರ ಪಾಲು. ಕಂಕುಳಲ್ಲಿ ಕೂಸು, ಕೈಯಲ್ಲಿ ಮಣ್ಣು ಎಂಬಂತೆ ಈ ಕೆಲಸ ಸಾಗುತ್ತದೆ. ಬಾಣಂತನಕ್ಕೆ ಮಗಳು ಬರುತ್ತಾಳೆಂದರೆ ಗಾಳಿ ಹೊಗದ ಒಳಕೋಣೆ ಮೊದಲು ಸಿದ್ಧವಾಗಬೇಕು. ಮದುವೆ ಗೊತ್ತಾದರೆ ಸುಣ್ಣ ಬಳಿಯಬೇಕು. ತೊಟ್ಟಿಲ ಹಗ್ಗ ಕಟ್ಟುವ ಮುನ್ನ ತೊಲೆಗೆ ಗೆದ್ದಲು ಹತ್ತಿದೆಯೇ ಎಂದು ಹಿರಿಯರು ಬಡಿದು ನೋಡುತ್ತಾರೆ. ಮನೆಯ ತಪಾಸಣೆಗೆ ಬೇರೆ ಎಂಜಿನಿಯರ್ ಬೇಕಿರಲಿಲ್ಲ. ಹುಟ್ಟು, ಮದುವೆ, ಹಬ್ಬಗಳೇ ಆ ಕೆಲಸ ಮಾಡುತ್ತಿದ್ದವು.

ಈ ವ್ಯವಸ್ಥೆ ಸಡಿಲವಾದದ್ದು ಎರಡು ಕಾರಣಗಳಿಂದ. ಮೊದಲನೆಯದು ಪಾಲು. ಅಣ್ಣತಮ್ಮಂದಿರು ಬೇರೆಯಾದಾಗ ಅಂಕಣಗಳನ್ನು ಹಂಚಿಕೊಂಡು ನಡುವೆ ಗೋಡೆ ಎಬ್ಬಿಸುತ್ತಾರೆ. ಗೋಡೆ ಎರಡಾದರೂ ಮಾಳಿಗೆ ಒಂದೇ. ಒಬ್ಬ ಮಣ್ಣು ಹಾಕಿ ಇನ್ನೊಬ್ಬ ಬಿಟ್ಟರೆ ಅವನ ಕಡೆ ಇಳಿದ ನೀರು ಇವನ ಗೋಡೆಯ ಹೊಟ್ಟೆಗೆ ಸೇರುತ್ತದೆ. ಎರಡನೆಯದು ಗುಳೆ. ದುಡಿಯುವ ಕೈಗಳು ಪುಣೆ, ಮುಂಬೈ ಕಡೆ ಹೋದ ಮನೆಯಲ್ಲಿ ಮಾಳಿಗೆ ಹತ್ತುವವರು ವಯಸ್ಸಾದವರು ಮಾತ್ರ. ಅವರು ಹಳೆ ಮಣ್ಣು ಕೆರೆದು ತೆಗೆಯುವ ಕಷ್ಟಕ್ಕೆ ಹೋಗದೆ, ಬಿರುಕು ಕಂಡಲ್ಲೆಲ್ಲ ಮೇಲೆ ಹೊಸ ಮಣ್ಣು ಸುರಿಯುತ್ತಾರೆ.

1993ರ ಬೆಳಗಿನ ಜಾವ

ಹೀಗೆ ಸುರಿದ ಮಣ್ಣು ಎಷ್ಟು ತೂಗುತ್ತದೆ ಎಂಬುದು 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕು ಗಂಟೆಯ ಹೊತ್ತಿಗೆ ತಿಳಿಯಿತು. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಬಳಿ ಭೂಮಿ ನಡುಗಿತು. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಜನ ಎದ್ದೇಳಲಿಲ್ಲ. ಸತ್ತವರು ಹತ್ತು ಸಾವಿರದ ಆಸುಪಾಸು. ಆಳಂದ ತಾಲ್ಲೂಕಿಗೆ ಅಂಟಿಕೊಂಡಿರುವ ಉಮರ್ಗಾ ತಾಲ್ಲೂಕಿನ ಊರುಗಳೂ ನೆಲಸಮವಾದವು. ಗಡಿ ಆಚೆಯದಾದರೂ ಮನೆಗಳು ಒಂದೇ ಬಗೆಯವು: ಅದೇ ಕರಿಕಲ್ಲು, ಅದೇ ಮಣ್ಣು, ಅದೇ ಮಾಳಿಗೆ.

ಭೂಕಂಪದ ತೀವ್ರತೆ 6.2ರಷ್ಟಿತ್ತು. ಇದಕ್ಕಿಂತ ದೊಡ್ಡ ಕಂಪನಗಳಲ್ಲಿ ಇದಕ್ಕಿಂತ ಕಡಿಮೆ ಜನ ಸತ್ತ ಉದಾಹರಣೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಇಲ್ಲಿ ಕೊಂದದ್ದು ಮುಖ್ಯವಾಗಿ ಮನೆಯ ತೂಕ. ನಂತರ ಪರಿಶೀಲಿಸಿದ ತಜ್ಞರು ಕೆಲವು ಮಾಳಿಗೆಗಳ ಮೇಲೆ 30ರಿಂದ 80 ಸೆಂಟಿಮೀಟರ್ ದಪ್ಪದ ಮಣ್ಣನ್ನು ಕಂಡರು. ತಲೆಮಾರುಗಳ ಕಾಲ ವರ್ಷಕ್ಕೊಂದು ಪದರದಂತೆ ಬಿದ್ದ ಮಣ್ಣು ಅದು. ಒಂದು ಚದರ ಮೀಟರ್ ಜಾಗದಲ್ಲಿ 60 ಸೆಂಟಿಮೀಟರ್ ಮಣ್ಣಿದ್ದರೆ ಸುಮಾರು ಒಂದು ಟನ್ ತೂಕ. ಎಂಟಡಿ ಅಗಲ, ಹತ್ತಡಿ ಉದ್ದದ ಒಂದೇ ಅಂಕಣದ ಮೇಲೆ ಏಳು ಟನ್ನು. ಹೆಚ್ಚುಕಡಿಮೆ ಒಂದು ಲಾರಿ ಮಣ್ಣಿನ ಕೆಳಗೆ ಒಂದು ಸಂಸಾರ ಮಲಗಿರುತ್ತದೆ ಎಂದಾಯಿತು.

ಗೋಡೆಯ ದಪ್ಪ ಕೂಡ ಕಣ್ಣಿಗೆ ಕಂಡಷ್ಟು ಗಟ್ಟಿಯಲ್ಲ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವೆ ಚಿಕ್ಕ ಕಲ್ಲು ಮತ್ತು ಮಣ್ಣಿನ ತುಂಬು. ಎರಡೂ ಸಾಲನ್ನು ಹಿಡಿದು ನಿಲ್ಲಿಸುವ ಉದ್ದನೆಯ ಅಡ್ಡಗಲ್ಲು ಇಲ್ಲದಿದ್ದರೆ ಅದು ಒಂದು ಗೋಡೆಯಲ್ಲ, ಬೆನ್ನಿಗೆ ಬೆನ್ನು ಕೊಟ್ಟ ಎರಡು ಸಡಿಲ ಗೋಡೆ. ನೆಲ ಅಲುಗಿದರೆ ಇವು ಬೇರೆಯಾಗಿ, ಹೊಟ್ಟೆ ಬಿಟ್ಟು, ಒಳಗೊಂದು ಹೊರಗೊಂದು ಕುಸಿಯುತ್ತವೆ. ಕಿಲ್ಲಾರಿ ಸೀಮೆಯಲ್ಲಿ ಅನುಕೂಲಸ್ಥರ ದಪ್ಪ ಗೋಡೆಯ ಮನೆಗಳು ಬಿದ್ದು, ಬಡವರ ಹುಲ್ಲು ಗುಡಿಸಲುಗಳು ನಿಂತದ್ದು ಈ ಕಾರಣಕ್ಕೆ.

ಅಲ್ಲಿಯವರೆಗೆ ಆ ಭಾಗ ಭೂಕಂಪದ ಭಯ ಅತಿ ಕಡಿಮೆ ಎಂದು ಗುರುತಿಸಿದ್ದ ಒಂದನೇ ವಲಯದಲ್ಲಿತ್ತು. 2002ರಲ್ಲಿ ಪರಿಷ್ಕರಿಸಿದ ನಕ್ಷೆಯಲ್ಲಿ ಒಂದನೇ ವಲಯವನ್ನೇ ಕೈಬಿಡಲಾಯಿತು. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯದೇ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ನೆಲ ಮತ್ತೆ ಮತ್ತೆ ಕಂಪಿಸಿ, ಜನ ಮನೆಯ ಹೊರಗೆ ರಾತ್ರಿ ಕಳೆಯುವಂತಾಯಿತು.

ಹೊಳೆ ಬಂದು ಹೋದ ಮೇಲೆ

ಭೂಕಂಪ ತಲೆಮಾರಿಗೊಮ್ಮೆ ಬಂದರೆ ಹೊಳೆ ಆಗಾಗ ಬರುತ್ತದೆ. ಭೀಮೆಯ ನೀರು ಇಲ್ಲಿಯ ಮಳೆಯನ್ನು ಕಾಯುವುದಿಲ್ಲ. ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟೆ ತುಂಬಿ ನೀರು ಬಿಟ್ಟರೆ ಇಲ್ಲಿ ಬಿಸಿಲಿದ್ದಾಗಲೂ ದಂಡೆ ಮುಳುಗಬಹುದು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಿನ ಮಹಾಮಳೆ, 2020ರ ಅಕ್ಟೋಬರ್ ಪ್ರವಾಹ, 2025ರ ಸೆಪ್ಟೆಂಬರ್ ಪ್ರವಾಹ ದಂಡೆಯ ಊರುಗಳಿಗೆ ಹೊಸ ನೆನಪುಗಳು.

ನೆರೆಯಲ್ಲಿ ಮಣ್ಣುಗೋಡೆ ಬೀಳುವುದು ನೀರು ಏರಿದಾಗಲೇ ಎಂದೇನಿಲ್ಲ. ನೀರು ಇಳಿದ ಮೇಲೆ, ಎರಡು ಮೂರು ದಿನ ಕಳೆದು, ಮನೆಯವರು ಕೆಸರು ಬಳಿಯಲು ಒಳಗೆ ಹೋದಾಗ ಬಿದ್ದ ಗೋಡೆಗಳು ಬಹಳ. ಬುಡದ ಮಣ್ಣು ನೆನೆದು ಮೆತ್ತಗಾಗಿರುತ್ತದೆ, ಮೇಲಿನ ಭಾರ ಮಾತ್ರ ಕಡಿಮೆಯಾಗಿರುವುದಿಲ್ಲ. ಎರೆಭೂಮಿಯ ಗುಣವೂ ಇದಕ್ಕೆ ಸೇರುತ್ತದೆ. ಎರೆ ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬುನಾದಿ ಎರೆಯಲ್ಲೇ ನಿಂತಿದ್ದರೆ ಗೋಡೆಯೂ ಅದರೊಂದಿಗೆ ಏರಿಳಿಯುತ್ತದೆ. ಬುನಾದಿಯನ್ನು ಎರೆ ದಾಟಿ ಗರಸಿನವರೆಗೆ ಇಳಿಸಬೇಕೆಂಬ ಹಳೆಯ ಗೌಂಡಿಗಳ ಹಟ ಸುಮ್ಮನೆ ಬಂದದ್ದಲ್ಲ.

2009ರ ನಂತರ ಸರಕಾರ ದಾನಿಗಳ ನೆರವಿನಿಂದ ‘ಆಸರೆ’ ಹೆಸರಿನಲ್ಲಿ ಉತ್ತರ ಕರ್ನಾಟಕದಲ್ಲಿ ಹೊಸ ಬಡಾವಣೆಗಳನ್ನು ಕಟ್ಟಿಸಿತು. ಎಷ್ಟೋ ಕಡೆ ಜನ ಹೋದರು, ಎಷ್ಟೋ ಕಡೆ ಹಳೆಯ ಮನೆಯಲ್ಲೇ ಉಳಿದರು. ಎತ್ತು, ಎಮ್ಮೆ, ಕಾಳು, ಮೇವು ಎಲ್ಲವನ್ನೂ ಒಂದೇ ಮಾಳಿಗೆಯ ಕೆಳಗೆ ಇಟ್ಟುಕೊಂಡವರಿಗೆ ಎರಡು ಕೋಣೆಯ ಮನೆ ಸಾಲದು. ಹೊಲ ದೂರವಾದರೆ ದಿನದ ಅರ್ಧ ಹೊತ್ತು ನಡೆಯುವುದರಲ್ಲೇ ಹೋಗುತ್ತದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಬಯಲು ಸೀಮೆಯಲ್ಲಿ ಮನೆಗೆ 1.20 ಲಕ್ಷ ರೂಪಾಯಿ ನೆರವು ನಿಗದಿ ಮಾಡಿತು. ಅದರ ಗುರಿ ಹೊಸ ಪಕ್ಕಾ ಮನೆ. ನಿಂತಿರುವ ಮನೆಯನ್ನು ಗಟ್ಟಿ ಮಾಡಿಕೊಳ್ಳುವವನ ಪಾಲಿಗೆ ಉಳಿಯುವುದು ಅವನದೇ ಕೈ.

ಏನು ಉಳಿಸಬೇಕು, ಏನು ಇಳಿಸಬೇಕು

ಹಾಗಾದರೆ ಹಳೆಯ ಮನೆ ಕೆಡವುವುದೊಂದೇ ದಾರಿಯೇ? ಅಲ್ಲ. ಲಾತೂರು ಭೂಕಂಪದ ನಂತರ ಮಹಾರಾಷ್ಟ್ರ ಸರಕಾರ ವಿಶ್ವಬ್ಯಾಂಕಿನ ನೆರವಿನಿಂದ ಐವತ್ತಕ್ಕೂ ಹೆಚ್ಚು ಊರುಗಳನ್ನು ಹೊಸದಾಗಿ ಕಟ್ಟಿದ್ದರ ಜತೆಗೆ ಸಾವಿರಾರು ಹಳೆಯ ಮನೆಗಳ ಬಲವರ್ಧನೆಯನ್ನೂ ಕೈಗೊಂಡಿತು. ಆಗ ರೂಪುಗೊಂಡ ಕ್ರಮಗಳು ಹಳ್ಳಿಯ ಗೌಂಡಿ, ಬಡಿಗೇರರ ಕೈಗೆಟುಕುವಂಥವು.

ಮೊದಲ ಕೆಲಸ ಭಾರ ಇಳಿಸುವುದು. ಹಳೆ ಮಣ್ಣನ್ನೆಲ್ಲ ಕೆರೆದು ತೆಗೆದು, 20 ಸೆಂಟಿಮೀಟರಿಗಿಂತ ಹೆಚ್ಚಾಗದಂತೆ ಹೊಸದು ಹಾಕಬೇಕು. ಒಟ್ಟಿಗೆ ಒಂದೇ ಕಡೆಯಿಂದ ತೆಗೆಯದೆ ಸಮನಾಗಿ ತೆಗೆಯಬೇಕು, ಕೆಳಗೆ ಯಾರೂ ಇರಬಾರದು. ಹೊಸ ಪದರದ ಕೆಳಗೆ ಗಟ್ಟಿ ಪ್ಲಾಸ್ಟಿಕ್ ಹಾಳೆ ಹಾಸಿದರೆ ಸೋರಿಕೆ ತಡೆಯಲು ದಪ್ಪ ಮಣ್ಣು ಬೇಕಾಗುವುದಿಲ್ಲ. ಎರಡನೆಯದು, ಕಂಬ ಮತ್ತು ತೊಲೆ ಕೂಡುವಲ್ಲಿ ಓರೆಯಾಗಿ ಕಟ್ಟಿಗೆಯ ಆಸರೆ ಕೊಡುವುದು. ಚೌಕಟ್ಟು ಅಲುಗಿದರೂ ಮಲಗದಂತೆ ಅದು ಹಿಡಿಯುತ್ತದೆ. ಮೂರನೆಯದು, ಗೋಡೆಯಲ್ಲಿ ಅಲ್ಲಲ್ಲಿ ಆರಪಾರ ತೂತು ಮಾಡಿ, ಕೊಕ್ಕೆಯ ಕಬ್ಬಿಣದ ಸರಳಿಟ್ಟು ಕಾಂಕ್ರೀಟು ತುಂಬಿ ಎರಡೂ ಸಾಲನ್ನು ಹೊಲಿಯುವುದು. ಹೊಸ ಗೋಡೆ ಎಬ್ಬಿಸುವವರು ಎತ್ತರದಲ್ಲಿ 60 ಸೆಂಟಿಮೀಟರಿಗೊಂದು, ಉದ್ದದಲ್ಲಿ 1.2 ಮೀಟರಿಗೊಂದು ಅಡ್ಡಗಲ್ಲು ಇಡಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ನಾಲ್ಕನೆಯದು, ಮಾಳಿಗೆಯ ಕೆಳಗೆ ನಾಲ್ಕೂ ಗೋಡೆ ಸುತ್ತುವ ಕಾಂಕ್ರೀಟಿನ ಪಟ್ಟಿ. ಬಂಡಿಯ ಗಾಲಿಗೆ ಹಳಿ ಇದ್ದಂತೆ ಅದು ಮನೆಗೆ.

ಹೊಳೆದಂಡೆಯ ಮನೆಗೆ ಇನ್ನೆರಡು ಮಾತು ಸೇರಬೇಕು. ಗೋಡೆಯ ಬುಡಕ್ಕೆ ನೀರು ನಿಲ್ಲದಂತೆ ಹೊರಗೆ ಇಳಿಜಾರಾಗಿ ಪರಸಿ ಹಾಸುವುದು ಒಂದು. ನೆನೆದ ಗೋಡೆಗೆ ಕೂಡಲೇ ಸಿಮೆಂಟು ಬಳಿಯದಿರುವುದು ಇನ್ನೊಂದು. ಸಿಮೆಂಟು ಗಿಲಾವು ಹೊರಗಿನಿಂದ ಚೆಂದ ಕಂಡರೂ ಒಳಗಿನ ತೇವ ಆರಲು ಬಿಡುವುದಿಲ್ಲ. ಅದರ ಹಿಂದೆ ಮಣ್ಣು ಕೊಳೆಯುತ್ತಾ ಹೋಗುತ್ತದೆ. ಮಣ್ಣಿನ ಗೋಡೆಗೆ ಮಣ್ಣು, ಸುಣ್ಣವೇ ಹೊಂದುವ ಮೆತ್ತಿಗೆ.

ಇವುಗಳಲ್ಲಿ ಕಾಂಕ್ರೀಟಿನ ಪಟ್ಟಿಗೆ ದುಡ್ಡು ಬೇಕು, ಅಡ್ಡಗಲ್ಲಿಗೆ ತಿಳಿದ ಗೌಂಡಿ ಬೇಕು. ಆದರೆ ಎಲ್ಲಕ್ಕಿಂತ ಹೆಚ್ಚು ಪ್ರಯೋಜನದ ಮೊದಲ ಕೆಲಸಕ್ಕೆ ಬೇಕಾದದ್ದು ಮನೆಮಂದಿಯ ನಾಲ್ಕಾರು ದಿನದ ದುಡಿಮೆ ಮಾತ್ರ. ಶಾಲೆಗೆ ಸೂಟಿ ಇರುವ, ಗುಳೆ ಹೋದವರು ಊರಿಗೆ ಬರುವ, ಹೊಲದಲ್ಲಿ ಕೆಲಸ ಕಡಿಮೆ ಇರುವ ಬೇಸಿಗೆಯೇ ಅದಕ್ಕೆ ಸರಿಯಾದ ಕಾಲ. ಪಾಲಾದ ಅಣ್ಣತಮ್ಮಂದಿರು ಆ ನಾಲ್ಕು ದಿನದ ಮಟ್ಟಿಗಾದರೂ ಒಂದೇ ಮಾಳಿಗೆಯ ಮಕ್ಕಳಾಗಬೇಕು. ಹಿರಿಯರು ಪ್ರೀತಿಯಿಂದಲೇ ಹೊತ್ತು ಹಾಕಿದ ಮಣ್ಣು ಅದು, ನಿಜ. ಈಗ ಮಾಳಿಗೆ ಹತ್ತುವವರ ಕೈಯಲ್ಲಿ ಮಣ್ಣಿನ ಬುಟ್ಟಿಗಿಂತ ಮೊದಲು ಗುದ್ದಲಿ ಇರಬೇಕು.