ವಿಜ್ಞಾನ ವಿಭಾಗದ ನಾಲ್ಕನೆಯ ವಿಷಯ: ಮಲೆನಾಡಿನ ಪೋಷಕರು ತಿಳಿದಿರಬೇಕಾದದ್ದು

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಕೂಡಲೇ ಮನೆಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಮುಂದೇನು? ಒಳ್ಳೆಯ ಅಂಕ ಬಂದಿದ್ದರೆ 'ಸಾಯನ್ಸ್' ಎಂಬ ಉತ್ತರವೂ ಸಿದ್ಧವಾಗಿರುತ್ತದೆ. ಆದರೆ ಯಾವ ಸಾಯನ್ಸ್ ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಉತ್ತರವಿರುವುದಿಲ್ಲ.

ಹೊರನಾಡು, ಕಳಸ, ಮೂಡಿಗೆರೆ ಕಡೆಯ ಮಕ್ಕಳು ಪಿ.ಯು. ಶಿಕ್ಷಣಕ್ಕಾಗಿ ಘಟ್ಟ ಇಳಿದು ಉಜಿರೆ, ಮೂಡುಬಿದಿರೆ, ಮಂಗಳೂರಿನ ಕಾಲೇಜುಗಳಿಗೆ ಬರುವುದು ನಮಗೆಲ್ಲ ತಿಳಿದದ್ದೇ. ಅವರ ಹೆತ್ತವರಲ್ಲಿ ಸಣ್ಣ ಬೆಳೆಗಾರರೂ ಇದ್ದಾರೆ, ಕಾಫಿ ತೋಟದ ಕಾರ್ಮಿಕರೂ ಇದ್ದಾರೆ. ಸಾಲ ಮಾಡಿ ಹಾಸ್ಟೆಲ್ ಶುಲ್ಕ ಕಟ್ಟುವ ಇವರಿಗೆ ಅರ್ಜಿ ನಮೂನೆಯ ಒಂದು ಸಾಲಿನ ಅರ್ಥವನ್ನು ಯಾರಾದರೂ ಮುಂಚಿತವಾಗಿ ವಿವರಿಸುವುದು ಅಗತ್ಯ. ಈ ಲೇಖನದ ಉದ್ದೇಶ ಅಷ್ಟೇ.

ಹೈಸ್ಕೂಲಿನಲ್ಲಿ ಆಯ್ಕೆ ಇಲ್ಲ

ನಮ್ಮ ರಾಜ್ಯದ ಪಠ್ಯಕ್ರಮದಲ್ಲಿ ಹತ್ತನೇ ತರಗತಿಯವರೆಗೆ ಎಲ್ಲರಿಗೂ ವಿಜ್ಞಾನ ಒಂದೇ ವಿಷಯ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಒಟ್ಟಿಗೇ ಸೇರಿ 100 ಅಂಕ. ಪಿ.ಯು.ಸಿ.ಯಲ್ಲಿ ಪರಿಸ್ಥಿತಿ ಬದಲಾಗುತ್ತದೆ. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಒಟ್ಟು 600 ಅಂಕ. ವಿಜ್ಞಾನ ವಿಭಾಗದಲ್ಲಿ ಸಾಮಾನ್ಯವಾಗಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರು ಇದ್ದೇ ಇರುತ್ತವೆ. ನಾಲ್ಕನೆಯದು ಜೀವಶಾಸ್ತ್ರವಾದರೆ ಪಿಸಿಎಂಬಿ, ಕಂಪ್ಯೂಟರ್ ವಿಜ್ಞಾನವಾದರೆ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಆದರೆ ಪಿಸಿಎಂಇ, ಸಂಖ್ಯಾಶಾಸ್ತ್ರವಾದರೆ ಪಿಸಿಎಂಎಸ್. ಹದಿನೈದು, ಹದಿನಾರರ ಪ್ರಾಯದಲ್ಲಿ ಮಗು ಮಾಡುವ ಈ ಒಂದು ಆಯ್ಕೆಯಿಂದ ಕೆಲವು ಬಾಗಿಲುಗಳು ತೆರೆಯುತ್ತವೆ, ಕೆಲವು ಮುಚ್ಚುತ್ತವೆ.

ಯಾವುದಕ್ಕೆ ಯಾವುದು ಬೇಕು?

ಇಂಜಿನಿಯರಿಂಗ್: ಭೌತಶಾಸ್ತ್ರ ಮತ್ತು ಗಣಿತ ಮುಖ್ಯ. ಕಂಪ್ಯೂಟರ್ ಇಂಜಿನಿಯರ್ ಆಗಬೇಕಾದರೆ ಪಿ.ಯು.ಸಿ.ಯಲ್ಲಿ ಕಂಪ್ಯೂಟರ್ ವಿಜ್ಞಾನವನ್ನೇ ಓದಿರಬೇಕು ಎಂಬುದು ತಪ್ಪು ಕಲ್ಪನೆ. ಪಿಸಿಎಂಬಿ ಓದಿದವರೂ ಆ ವಿಭಾಗಕ್ಕೆ ಸೇರಬಹುದು.

ವೈದ್ಯಕೀಯ: ಜೀವಶಾಸ್ತ್ರ ಬೇಕೇ ಬೇಕು. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದೇ. ಈ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಲು ಅವಕಾಶವಿದೆ. ಪಿ.ಯು.ಸಿ. ನಂತರ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಓದಿ ಪಾಸಾದವರಿಗೂ ನೀಟ್ ಬರೆಯಲು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ಅವಕಾಶ ನೀಡಿತು. ಆದರೆ ಅದು ಸುತ್ತುದಾರಿ.

ಕೃಷಿ, ತೋಟಗಾರಿಕೆ, ನರ್ಸಿಂಗ್: ಬಿ.ಎಸ್ಸಿ. ಕೃಷಿ, ತೋಟಗಾರಿಕೆ ಅಥವಾ ನರ್ಸಿಂಗ್ ಆಸೆ ಇದ್ದವರು ಜೀವಶಾಸ್ತ್ರವನ್ನು ಬಿಡಬಾರದು.

ಫಾರ್ಮಸಿ: ಭೌತ ಮತ್ತು ರಸಾಯನಶಾಸ್ತ್ರದ ಜೊತೆ ಗಣಿತ ಅಥವಾ ಜೀವಶಾಸ್ತ್ರ ಸಾಕು.

ಹಾಗಾದರೆ ಎಲ್ಲರೂ ಪಿಸಿಎಂಬಿ ತೆಗೆದುಕೊಳ್ಳಬೇಕೇ? ಬಾಗಿಲುಗಳ ಲೆಕ್ಕದಲ್ಲಿ ಅದು ವಿಶಾಲ, ನಿಜ. ಆದರೆ ಓದಿನ ಹೊರೆಯೂ ಹೆಚ್ಚು. ಜೀವಶಾಸ್ತ್ರದಲ್ಲಿ ಆಸಕ್ತಿಯೇ ಇಲ್ಲದ ಮಗುವಿಗೆ ಅದನ್ನು ಹೇರಿ, ಗಣಿತದ ಅಂಕವನ್ನೂ ಕಳೆದುಕೊಳ್ಳುವುದು ಜಾಣತನವಲ್ಲ. ವಿಜ್ಞಾನವೇ ಬೇಡವೆನ್ನುವ ಮಗುವಿಗೆ ವಾಣಿಜ್ಯ, ಕಲಾ ವಿಭಾಗಗಳಿವೆ. ಕೈಕೆಲಸದಲ್ಲಿ ಒಲವಿದ್ದವರಿಗೆ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ. ಅಲ್ಲಿಂದಲೂ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು.

ದೂರದ ಪ್ರಶ್ನೆ

ಪಟ್ಟಿಯಲ್ಲಿ ಇರುವುದೆಲ್ಲ ಊರಿನಲ್ಲಿ ಸಿಗುವುದಿಲ್ಲ. ಮಲೆನಾಡಿನ ಮಗು ಎಷ್ಟೋ ಬಾರಿ ತನಗೆ ಬೇಕಾದ ವಿಷಯವನ್ನಲ್ಲ, ಬಸ್ಸು ತಲುಪುವ ಕಾಲೇಜಿನಲ್ಲಿ ಇರುವ ವಿಷಯವನ್ನು ಆರಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಅದೂ ಕಷ್ಟ. 2018 ಮತ್ತು 2019ರ ಮಳೆಗೆ ಭದ್ರಾ ನದಿ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದಾಗ ಕಳಸ ಹೊರನಾಡು ಸಂಪರ್ಕವೇ ಕಡಿದುಹೋಗಿತ್ತು. ಕಾಲೇಜು ವರ್ಷದ ಮೊದಲ ತಿಂಗಳುಗಳು ಬರುವುದು ಇದೇ ಮಳೆಯಲ್ಲಿ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಇಂಗ್ಲಿಷ್ ಪಠ್ಯಕ್ಕೆ ಒಗ್ಗಿಕೊಳ್ಳಬೇಕಾದದ್ದೂ ಇದೇ ತಿಂಗಳುಗಳಲ್ಲಿ. ಆಗ ತಪ್ಪಿದ ಪಾಠ ವರ್ಷವಿಡೀ ಕಾಡುತ್ತದೆ.

ಆದುದರಿಂದ ಕಾಲೇಜು ಆರಿಸುವಾಗ ಕಟ್ಟಡವನ್ನಲ್ಲ, ಪ್ರಯೋಗಾಲಯವನ್ನು ನೋಡಿರಿ. ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ತಲಾ 30 ಅಂಕ ಪ್ರಾಯೋಗಿಕ ಪರೀಕ್ಷೆಗೆ ಮೀಸಲು. ನಾಲ್ಕೂ ವಿಷಯಗಳಿಗೆ ಉಪನ್ಯಾಸಕರು ಇದ್ದಾರೆಯೇ ಎಂದು ಕೇಳಿರಿ. ನೀಟ್, ಜೆಇಇ ತರಬೇತಿಗೆ ಪ್ರತ್ಯೇಕ ಶುಲ್ಕ ಹೇಳಿದರೆ ಎರಡು ವರ್ಷದ ಒಟ್ಟು ಖರ್ಚನ್ನು ಬರೆಸಿಕೊಂಡು, ನಂತರ ನಿರ್ಧರಿಸಿರಿ.

ತೋಟದಲ್ಲೇ ಇರುವ ವಿಜ್ಞಾನ

ವಿಜ್ಞಾನ ಎಂದರೆ ಡಾಕ್ಟರ್ ಅಥವಾ ಇಂಜಿನಿಯರ್ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಈ ಗುಡ್ಡಗಾಡಿನ ಬದುಕು ನಿಂತಿರುವುದೇ ಬೇರೆ ವಿಜ್ಞಾನಿಗಳ ಶ್ರಮದ ಮೇಲೆ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಕಾರಣವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರ ಎಸ್.795ರಂತಹ ಅರೇಬಿಕಾ ತಳಿಯನ್ನು ಕೊಟ್ಟಿತು. ಮೂಡಿಗೆರೆಯಲ್ಲೇ ತೋಟಗಾರಿಕೆ ಮಹಾವಿದ್ಯಾಲಯವಿದೆ.

ಬೋರ್ಡೋ ದ್ರಾವಣವನ್ನೇ ನೋಡಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಸಿದ್ಧವಾದ ಮೇಲೆ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಬಣ್ಣ ಕಂಡರೆ ಸುಣ್ಣ ಸಾಲದು ಎಂದರ್ಥ. ಯಾಕೆ? ಕಬ್ಬಿಣವು ಮೈಲುತುತ್ತದಲ್ಲಿರುವ ತಾಮ್ರವನ್ನು ಹೊರದೂಡಿ ಅದರ ಸ್ಥಾನ ಪಡೆಯುತ್ತದೆ. ಹೊರಬಂದ ತಾಮ್ರ ಅಲಗಿಗೆ ಅಂಟುತ್ತದೆ. ಹತ್ತನೇ ತರಗತಿಯ ಪಠ್ಯದಲ್ಲಿ ಇದಕ್ಕೆ ಸ್ಥಾನಪಲ್ಲಟ ಕ್ರಿಯೆ ಎಂದು ಹೆಸರು. ಅಪ್ಪ ತೋಟದಲ್ಲಿ ಮಾಡುವುದನ್ನೇ ಮಗಳು ಶಾಲೆಯಲ್ಲಿ ಓದುತ್ತಾಳೆ. ಎರಡೂ ಒಂದೇ ಎಂದು ಹೇಳುವವರು ಮಾತ್ರ ಬೇಕಾಗಿದ್ದಾರೆ.

ಇತ್ತೀಚಿನ ವರ್ಷಗಳಲ್ಲಿ ಕಳಸ, ಹೊರನಾಡು, ಸಂಸೆ ಭಾಗದ ಅಡಿಕೆ ತೋಟಗಳನ್ನು ಎಲೆಚುಕ್ಕಿ ರೋಗ ಹಾಳುಮಾಡಿದೆ. ಇದು ಶಿಲೀಂಧ್ರದಿಂದ ಹರಡುವ ರೋಗ. ಇದಕ್ಕೆ ಪರಿಹಾರ ಹುಡುಕಲು ಜೀವಶಾಸ್ತ್ರ ಬಲ್ಲವರು ಬೇಕು. ಅವರಲ್ಲಿ ಒಬ್ಬರು ಆ ತೋಟದ ಮನೆಯಿಂದಲೇ ಬಂದರೆ ಎಷ್ಟು ಒಳ್ಳೆಯದು!

ಪ್ರೀತಿಯ ಪೋಷಕರೇ, ಅರ್ಜಿ ತುಂಬುವ ಮುನ್ನ ಮೂರು ಕೆಲಸ ಮಾಡಿರಿ. ಮಗುವಿಗೆ ಯಾವ ಪಾಠ ಇಷ್ಟ ಎಂದು ಮೊದಲು ಮಗುವನ್ನೇ ಕೇಳಿರಿ. ಹತ್ತನೇ ತರಗತಿಯ ವಿಜ್ಞಾನ ಮತ್ತು ಗಣಿತ ಶಿಕ್ಷಕರ ಅಭಿಪ್ರಾಯ ಪಡೆಯಿರಿ. ಮುಂದಿನ ಕೋರ್ಸಿಗೆ ಬೇಕಾದ ವಿಷಯಗಳನ್ನು ಆಯಾ ವರ್ಷದ ಸಿಇಟಿ ಮತ್ತು ನೀಟ್ ಕೈಪಿಡಿಯಲ್ಲಿ ಓದಿ ನೋಡಿರಿ, ನಿಯಮಗಳು ಬದಲಾಗುತ್ತಿರುತ್ತವೆ. ನೆರೆಮನೆಯ ಮಗು ಏನು ತೆಗೆದುಕೊಂಡಿತು ಎಂಬುದನ್ನು ಕೊನೆಗೆ ವಿಚಾರಿಸಿದರೂ ಸಾಕು.