ನೂರು ವಾಟಿನ ಎಂಜಿನ್ನಿಗೆ ತಕ್ಕ ಸೈಕಲ್ಲು

ಸಾಧಾರಣ ಆರೋಗ್ಯದ ಒಬ್ಬ ವ್ಯಕ್ತಿ ಹೆಚ್ಚು ದಣಿಯದೆ ಅರ್ಧ ಮುಕ್ಕಾಲು ಗಂಟೆ ಪೆಡಲಿನ ಮೇಲೆ ಹಾಕಬಲ್ಲ ಶಕ್ತಿ 75ರಿಂದ 100 ವಾಟ್. ಅಡುಗೆಮನೆಯ ಮಿಕ್ಸಿಗೇ 500ರಿಂದ 750 ವಾಟ್ ಬೇಕು. ಹೀಗಿದ್ದೂ ಈ ಪುಟ್ಟ ಶಕ್ತಿಯಲ್ಲೇ ಸೈಕಲ್ಲು ನಮ್ಮನ್ನು ಗಂಟೆಗೆ 18 ಕಿ.ಮೀ. ವೇಗದಲ್ಲಿ ಕೊಂಡೊಯ್ಯುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಎಸ್. ಎಸ್. ವಿಲ್ಸನ್ 1973ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಇದರ ಲೆಕ್ಕ ಕೊಟ್ಟಿದ್ದರು. ಅಷ್ಟೇ ದೂರವನ್ನು ನಡೆದು ಹೋಗಲು ಬೇಕಾದ ಶಕ್ತಿಯ ಸುಮಾರು ಐದನೇ ಒಂದು ಭಾಗ ಸೈಕಲ್ಲಿಗೆ ಸಾಕು. ಪ್ರಾಣಿಗಳನ್ನೂ ಯಂತ್ರಗಳನ್ನೂ ಒಟ್ಟಿಗೆ ಹೋಲಿಸಿದರೂ ಇಷ್ಟು ಮಿತವ್ಯಯದ ಸಂಚಾರ ಇನ್ನೊಂದಿಲ್ಲ.

ಆದರೂ ಆಸೆಯಿಂದ ಕೊಂಡ ಎಷ್ಟೋ ಸೈಕಲ್ಲುಗಳು ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿವೆ. ಮಂಡಿ ನೋಯುತ್ತದೆ, ಏರು ಹತ್ತಲಾಗುವುದಿಲ್ಲ, ಆಫೀಸು ಮುಟ್ಟುವಷ್ಟರಲ್ಲಿ ಅಂಗಿ ತೊಯ್ದಿರುತ್ತದೆ, ಮಳೆಗಾಲದಲ್ಲಿ ಬೆನ್ನಿಗೆಲ್ಲ ಕೆಸರು. ಇವು ಸವಾರರ ಸೋಮಾರಿತನದ ಲಕ್ಷಣಗಳಲ್ಲ. ಒಂದೊಂದಕ್ಕೂ ಅಳೆಯಬಹುದಾದ ಕಾರಣವಿದೆ, ಸ್ಪ್ಯಾನರು ಹಿಡಿದು ಮಾಡಬಹುದಾದ ಪರಿಹಾರವೂ ಇದೆ. ಅಂಗಡಿಯವರು ಮಾರುವ ಸೈಕಲ್ಲು ಯಾರೋ ಸರಾಸರಿ ಮನುಷ್ಯನಿಗೆಂದು ತಯಾರಾದದ್ದು. ಅದನ್ನು ನಮ್ಮ ಮೈಗೆ, ನಮ್ಮ ದಾರಿಗೆ, ನಮ್ಮ ಹೊರೆಗೆ ಹೊಂದಿಸಿಕೊಳ್ಳುವುದು ನಮ್ಮದೇ ಕೆಲಸ. ನೂರು ವಾಟಿನಲ್ಲಿ ಎಲ್ಲೆಲ್ಲಿ ಎಷ್ಟು ಸೋರುತ್ತಿದೆ ಎಂದು ನೋಡುತ್ತ ಹೋದರೆ ಆ ಕೆಲಸದ ದಾರಿ ತಾನಾಗಿ ತೆರೆದುಕೊಳ್ಳುತ್ತದೆ.

ಮೊದಲು ಸೀಟು

ನಮ್ಮ ಬೀದಿಗಳಲ್ಲಿ ಓಡುವ ಸೈಕಲ್ಲುಗಳಲ್ಲಿ ಹೆಚ್ಚಿನವುಗಳ ಸೀಟು ತೀರಾ ತಗ್ಗಿನಲ್ಲಿರುತ್ತದೆ. ಸಿಗ್ನಲಿನಲ್ಲಿ ಕುಳಿತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಊರಬೇಕು ಎಂಬ ಆಸೆ ಇದಕ್ಕೆ ಕಾರಣ. ಹಾಗೆ ಕುಳಿತಾಗ ಪೆಡಲು ಕೆಳಗೆ ಬಂದರೂ ಮಂಡಿ ಬಹಳ ಮಡಿಸಿಯೇ ಇರುತ್ತದೆ. ಮಡಿಸಿದ ಮಂಡಿಯಿಂದ ಒತ್ತುವಾಗ ಮಂಡಿಚಿಪ್ಪು ಹಿಂದಿನ ಮೂಳೆಯ ಮೇಲೆ ಹೆಚ್ಚು ಬಲದಿಂದ ಅಮರುತ್ತದೆ. ನೋವು ಹುಟ್ಟುವುದು ಅಲ್ಲೇ. ತೊಡೆಯ ಸ್ನಾಯುಗಳಿಗೂ ತಮ್ಮ ಪೂರ್ಣ ಬಲ ಬಳಸಲು ಅವಕಾಶ ಸಿಗುವುದಿಲ್ಲ.

ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು 1967ರಲ್ಲಿ ಒಂದು ಸುಲಭ ಸೂತ್ರ ಕೊಟ್ಟರು. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು ತೊಡೆಸಂದಿಯಿಂದ ನೆಲದವರೆಗಿನ ಎತ್ತರ ಅಳೆಯಿರಿ. ಅದನ್ನು 1.09ರಿಂದ ಗುಣಿಸಿ. ಪೆಡಲು ಸೀಟಿನಿಂದ ಅತಿ ದೂರದಲ್ಲಿದ್ದಾಗ ಸೀಟಿನ ನೆತ್ತಿಗೂ ಪೆಡಲಿಗೂ ಅಷ್ಟು ಅಂತರವಿರಲಿ. ಒಳಗಾಲು 78 ಸೆಂ.ಮೀ. ಇದ್ದವರಿಗೆ ಇದು 85 ಸೆಂ.ಮೀ. ಆಗುತ್ತದೆ. ಟೇಪು ಇಲ್ಲದಿದ್ದರೆ ಸೀಟಿನ ಮೇಲೆ ಕುಳಿತು ಕೆಳಗಿನ ಪೆಡಲಿಗೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾದರೆ ಎತ್ತರ ಸರಿ. ಮುಂಗಾಲಿನಿಂದ ತುಳಿಯುವಾಗ ಮಂಡಿ 25ರಿಂದ 35 ಡಿಗ್ರಿಯಷ್ಟು ಮಾತ್ರ ಬಾಗುತ್ತದೆ. ಅಡಿಗಡಿಗೆ ನಿಲ್ಲಬೇಕಾದ ಪೇಟೆಯ ದಾರಿಯಾದರೆ ಒಂದೆರಡು ಸೆಂಟಿಮೀಟರ್ ಇಳಿಸಿಕೊಳ್ಳಬಹುದು. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಜಾರಿ ಒಂದು ಕಾಲು ಊರುವುದನ್ನು ರೂಢಿಸಿಕೊಂಡರೆ ಎತ್ತರದ ಸೀಟಿನ ಅಂಜಿಕೆ ಹೋಗುತ್ತದೆ.

ಈ ಮಾತು ಮಕ್ಕಳಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಕರ್ನಾಟಕ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚತೊಡಗಿದಾಗ ಸಾವಿರಾರು ಹಳ್ಳಿಗಳ ಹೆಣ್ಣುಮಕ್ಕಳಿಗೆ ಹೈಸ್ಕೂಲು ಹತ್ತಿರವಾಯಿತು. ಆ ವಯಸ್ಸಿನಲ್ಲಿ ಕಾಲು ಬೆಳೆಯುವ ವೇಗ ಹೆಚ್ಚು. ಎಂಟರಲ್ಲಿ ಸರಿಯಿದ್ದ ಸೀಟು ಹತ್ತನೆಯದಕ್ಕೆ ಬರುವಷ್ಟರಲ್ಲಿ ತಗ್ಗಾಗಿರುತ್ತದೆ. ಆರು ತಿಂಗಳಿಗೊಮ್ಮೆ ಒಂದು ನಟ್ಟು ಸಡಿಲಿಸಿ ಸೀಟು ಏರಿಸಿದರೆ ಮಗುವಿನ ಮಂಡಿ ಉಳಿಯುತ್ತದೆ. ಆದರೆ ಸೀಟಿನ ಕೊಳವೆಯ ಮೇಲೆ ಕೊರೆದಿರುವ ಮಿತಿಗೆರೆ ಹೊರಗೆ ಕಾಣುವಷ್ಟು ಏರಿಸಬಾರದು.

ಸೀಟು ಮೆತ್ತಗಿದ್ದಷ್ಟೂ ಸುಖ ಎಂದುಕೊಳ್ಳುವುದು ತಪ್ಪು. ನಮ್ಮ ಭಾರ ಹೊರಬೇಕಾದವು ಕೂರುವ ಎರಡು ಮೂಳೆಗಳು. ತೀರಾ ಮೆತ್ತನೆಯ ಸೀಟಿನಲ್ಲಿ ಅವು ಹುದುಗಿ, ಒತ್ತಡವೆಲ್ಲ ನಡುವಿನ ನರ ಮತ್ತು ರಕ್ತನಾಳಗಳ ಮೇಲೆ ಬೀಳುತ್ತದೆ. ಆ ಎರಡು ಮೂಳೆಗಳಿಗೆ ಆಸರೆಯಾಗುವಷ್ಟು ಅಗಲದ, ತುಸು ಗಟ್ಟಿ ಸೀಟೇ ಒಳ್ಳೆಯದು. ಹ್ಯಾಂಡಲು ಸೀಟಿನ ಮಟ್ಟಕ್ಕೋ ಸ್ವಲ್ಪ ಮೇಲಕ್ಕೋ ಇದ್ದರೆ ಬೆನ್ನು ಹಗುರ, ದಟ್ಟಣೆಯ ಮೇಲೆ ಕಣ್ಣಿಡಲೂ ಅನುಕೂಲ.

ಟಯರಿನೊಳಗಿನ ಗಾಳಿ

1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ಟಯರು ಹಾಕಿದ್ದು ಕುಲುಕಾಟ ತಪ್ಪಿಸಲಿಕ್ಕೆ. ಆದರೆ ಅಂಥ ಟಯರಿನ ಸೈಕಲ್ಲು ಪಂದ್ಯಗಳನ್ನೂ ಗೆಲ್ಲತೊಡಗಿತು. ಗಟ್ಟಿ ಚಕ್ರ ಪ್ರತಿ ಕಲ್ಲಿನ ಮೇಲೂ ಸೈಕಲ್ಲನ್ನೂ ಸವಾರರನ್ನೂ ಎತ್ತಿ ಇಳಿಸುತ್ತದೆ. ಆ ಕುಲುಕಾಟದಲ್ಲಿ ಖರ್ಚಾಗುವುದು ನಮ್ಮದೇ ಶಕ್ತಿ, ಅದು ನಮ್ಮ ಮಾಂಸಖಂಡಗಳಲ್ಲೇ ಶಾಖವಾಗಿ ಇಂಗುತ್ತದೆ. ಗಾಳಿಯ ಟಯರು ಕಲ್ಲನ್ನು ತನ್ನೊಳಗೆ ನುಂಗಿಕೊಂಡು ಮುಂದೆ ಸಾಗುತ್ತದೆ.

ಹಾಗಾಗಿ 'ಗಟ್ಟಿಯಾಗಿ ಹೊಡಿ' ಎಂದು ಗಾಳಿ ತುಂಬಿಸಿಕೊಳ್ಳುವುದರಿಂದ ಗುಂಡಿ, ಹಂಪುಗಳ ದಾರಿಯಲ್ಲಿ ಲಾಭವಿಲ್ಲ. ಅಮೆರಿಕದ ಸೈಕಲ್ ತಂತ್ರಜ್ಞ ಫ್ರಾಂಕ್ ಬರ್ಟೊ ಕೊಟ್ಟ ಅಳತೆ ಹೀಗಿದೆ: ಸವಾರರು ಕುಳಿತಾಗ ಟಯರು ತನ್ನ ಎತ್ತರದ ಸುಮಾರು ಶೇಕಡಾ 15ರಷ್ಟು ತಗ್ಗಬೇಕು. 40 ಮಿ.ಮೀ. ಟಯರಾದರೆ 6 ಮಿ.ಮೀ. ಒಟ್ಟು ಭಾರದ ಶೇಕಡಾ 60ರಷ್ಟು ಹಿಂದಿನ ಚಕ್ರದ ಮೇಲೆ ಬೀಳುವುದರಿಂದ ಹಿಂದೆ ಹೆಚ್ಚು, ಮುಂದೆ ಕಡಿಮೆ ಗಾಳಿ ಇರಬೇಕು. 70 ಕೆ.ಜಿ. ತೂಕದವರಿಗೆ 40 ಮಿ.ಮೀ. ಟಯರಿನಲ್ಲಿ ಹಿಂದೆ 50, ಮುಂದೆ 35 ಪಿಎಸ್‌ಐ ಆಸುಪಾಸು ಸಾಕು. ತೀರಾ ಕಡಿಮೆಯಾದರೆ ಗುಂಡಿಗೆ ಇಳಿದಾಗ ಟ್ಯೂಬು ರಿಮ್ಮಿಗೂ ಟಯರಿಗೂ ನಡುವೆ ಸಿಕ್ಕಿ ಪಂಕ್ಚರಾಗುತ್ತದೆ. ರಬ್ಬರಿನ ಮೂಲಕ ಗಾಳಿ ತಾನಾಗಿ ನುಸುಳುತ್ತಲೇ ಇರುವುದರಿಂದ ವಾರಕ್ಕೊಮ್ಮೆಯಾದರೂ ಪಂಪು ಹಿಡಿಯಲೇಬೇಕು.

ಕಾಡುದಾರಿಗೆಂದು ಮಾಡಿದ ದಪ್ಪ ಹಲ್ಲಿನ ಟಯರು ನೋಡಲು ಗಟ್ಟಿಮುಟ್ಟಾಗಿ ಕಂಡರೂ ಡಾಂಬರಿನ ಮೇಲೆ ನಷ್ಟವೇ. ಪ್ರತಿ ಹಲ್ಲೂ ನೆಲ ಮುಟ್ಟಿದಾಗ ಬಾಗಿ ಶಕ್ತಿ ತಿನ್ನುತ್ತದೆ. ನುಣ್ಣನೆಯ ಟಯರು ಮಳೆಯಲ್ಲಿ ಜಾರುತ್ತದೆಂಬ ಭಯವೂ ಬೇಡ. ಕಾರಿನ ಅಗಲ ಚಕ್ರದಂತೆ ಸೈಕಲ್ ಟಯರು ನಮ್ಮ ವೇಗದಲ್ಲಿ ನೀರಿನ ಮೇಲೆ ತೇಲುವುದಿಲ್ಲ, ನೀರನ್ನು ಸೀಳಿ ನೆಲ ಮುಟ್ಟುತ್ತದೆ. ಈಗಿರುವ ಸೈಕಲ್ಲಿಗೆ ಒಂದೇ ಒಂದು ಭಾಗ ಬದಲಿಸುವಷ್ಟು ಹಣವಿದ್ದರೆ ಅದನ್ನು ಟಯರಿಗೆ ಹಾಕಿ.

ಏರಿನ ಲೆಕ್ಕ

ರಾಯಚೂರಿನ ಸಮತಟ್ಟು ದಾರಿಗೆ ಗೇರಿಲ್ಲದ ಹಳೆಯ ಕರಿ ಸೈಕಲ್ಲೇ ಸಾಕು. ಮಂಗಳೂರಿನ ಬಾವುಟಗುಡ್ಡೆಗೋ ಮಡಿಕೇರಿಯ ಬೀದಿಗಳಿಗೋ ಅದು ಸಾಲದು. ಯಾಕೆಂದು ಲೆಕ್ಕ ಹಾಕಿ ನೋಡೋಣ.

ಸವಾರರು, ಸೈಕಲ್ಲು, ಚೀಲ ಸೇರಿ 90 ಕೆ.ಜಿ. ಇರಲಿ. ನೂರು ಮೀಟರಿಗೆ ಐದು ಮೀಟರ್ ಏರುವ ದಾರಿಯಲ್ಲಿ 100 ವಾಟ್ ಹಾಕಿದರೆ ಸಿಗುವ ವೇಗ ಗಂಟೆಗೆ 7 ಕಿ.ಮೀ.ಗಿಂತ ತುಸು ಕಡಿಮೆ. ಕರಿ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಮುಂದೆ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲು ಇರುತ್ತವೆ. ಪೆಡಲು ಒಂದು ಸುತ್ತು ಬಂದರೆ ಸೈಕಲ್ಲು ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಅಂದರೆ ಈ ಏರಿನಲ್ಲಿ ಪೆಡಲು ನಿಮಿಷಕ್ಕೆ 21 ಸುತ್ತು ಮಾತ್ರ ತಿರುಗೀತು. ನಮ್ಮ ಕಾಲಿಗೆ ಹಿತವಾದದ್ದು ನಿಮಿಷಕ್ಕೆ 60ರಿಂದ 80 ಸುತ್ತು. ಅದೇ ಶಕ್ತಿಯನ್ನು 21 ಸುತ್ತಿನಲ್ಲಿ ಹಾಕಬೇಕಾದರೆ ಪ್ರತಿ ತುಳಿತಕ್ಕೂ ಮೂರು ಪಟ್ಟು ಬಲ ಬೇಕು. ಜನ ಇಳಿದು ತಳ್ಳುವುದು ಇದಕ್ಕೇ. ಶಕ್ತಿ ಕಡಿಮೆಯಾಗಿರುವುದಿಲ್ಲ, ಆ ಶಕ್ತಿಗೆ ತಕ್ಕ ಗೇರು ಇರುವುದಿಲ್ಲ.

ಮುಂದೆ 32, ಹಿಂದೆಯೂ 32 ಹಲ್ಲಿರುವ ಸೈಕಲ್ಲಿನಲ್ಲಿ ಒಂದು ಸುತ್ತಿಗೆ ಎರಡು ಮೀಟರಿನಷ್ಟೇ ದೂರ. ಅದೇ ಏರಿನಲ್ಲಿ ಪೆಡಲು 50ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಮಂಡಿಗೆ ಹಿತ, ಉಸಿರೂ ಹಿಡಿತದಲ್ಲಿರುತ್ತದೆ. ಸೈಕಲ್ಲು ಕೊಳ್ಳುವಾಗ 21 ಗೇರೋ 24 ಗೇರೋ ಎಂದು ಎಣಿಸುವುದಕ್ಕಿಂತ ಹಿಂದಿನ ದೊಡ್ಡ ಹಲ್ಲುಗಾಲಿಯೂ ಮುಂದಿನ ಚಿಕ್ಕ ಹಲ್ಲುಗಾಲಿಯೂ ಸರಿಸಮ ಇವೆಯೇ ಎಂದು ನೋಡಬೇಕು.

ತೂಕದ ಬಗ್ಗೆ ಇರುವ ಮೋಹವೂ ಈ ಲೆಕ್ಕದಲ್ಲಿ ಕರಗುತ್ತದೆ. ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು 2 ಕೆ.ಜಿ. ಹಗುರದ ಸೈಕಲ್ಲು ತಂದರೆ 90 ಕೆ.ಜಿ.ಯ ಹೊರೆಯಲ್ಲಿ ಇಳಿಯುವುದು ಶೇಕಡಾ 2ರಷ್ಟು. ಸಮತಟ್ಟು ದಾರಿಯಲ್ಲಿ ಅದು ಗೊತ್ತೇ ಆಗುವುದಿಲ್ಲ.

ಬೆವರು, ಚೀಲ, ವೇಗ

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ. ನೆಟ್ಟಗೆ ಕುಳಿತು ಗಂಟೆಗೆ 18 ಕಿ.ಮೀ. ಹೋಗಲು ಸುಮಾರು 70 ವಾಟ್ ಸಾಕು. 25 ಕಿ.ಮೀ.ಗೆ 150 ವಾಟ್ ಬೇಕು. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕನೇ ಒಂದು ಭಾಗವನ್ನು ಕೆಲಸವಾಗಿಸಿ ಉಳಿದದ್ದನ್ನು ಶಾಖವಾಗಿ ಬಿಡುತ್ತವೆ. ಅಂದರೆ ಮೊದಲ ವೇಗದಲ್ಲಿ ಮೈ ಹೊರಹಾಕಬೇಕಾದ ಶಾಖ 210 ವಾಟ್, ಎರಡನೆಯದರಲ್ಲಿ 450 ವಾಟ್. ಎಂಟು ಕಿಲೋಮೀಟರ್ ದಾರಿಯಲ್ಲಿ ಈ ಅವಸರದಿಂದ ಉಳಿಯುವುದು ಎಂಟು ನಿಮಿಷಕ್ಕೂ ಕಡಿಮೆ. ಅದರಲ್ಲೂ ಅರ್ಧ ಮುಂದಿನ ಸಿಗ್ನಲಿನಲ್ಲಿ ಕಳೆದುಹೋಗುತ್ತದೆ. ಅಂಗಿ ಒಣಗಿರಬೇಕೆಂದರೆ ನಿಧಾನವಾಗಿ ತುಳಿಯಬೇಕು, ಕೊನೆಯ ಹತ್ತು ನಿಮಿಷ ಇನ್ನೂ ನಿಧಾನ. ಬೆಂಗಳೂರಿನವರಿಗೆ ಇಲ್ಲೊಂದು ಸಹಜ ಅನುಕೂಲವಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿನ ಗಾಳಿ ಕರಾವಳಿಯದಕ್ಕಿಂತ ಶೇಕಡಾ 10ರಷ್ಟು ತೆಳು, ಗಾಳಿಯ ತಡೆಯೂ ಅಷ್ಟೇ ಕಡಿಮೆ.

ಬೆನ್ನಿಗೆ ಚೀಲ ಹಾಕಿಕೊಂಡರೆ ಬೆವರು ಆರಲು ಬೇಕಾದ ಜಾಗವೇ ಮುಚ್ಚಿಹೋಗುತ್ತದೆ. ಹೊರೆ ಇರಬೇಕಾದದ್ದು ಕ್ಯಾರಿಯರಿನ ಎರಡು ಬದಿಗೆ, ಆದಷ್ಟು ಕೆಳಗೆ. ಹಾಲಿನವರು ಕ್ಯಾನುಗಳನ್ನೂ ಎಳನೀರಿನವರು ಗೊನೆಗಳನ್ನೂ ಸೈಕಲ್ಲಿನ ಎರಡೂ ಕಡೆ ತಗ್ಗಿನಲ್ಲಿ ತೂಗುಹಾಕಿ ಇದನ್ನು ಎಂದೋ ತೋರಿಸಿಕೊಟ್ಟಿದ್ದಾರೆ. ಭಾರ ಕೆಳಗಿದ್ದರೆ ಸೈಕಲ್ಲು ನಿಧಾನದಲ್ಲೂ ವಾಲುವುದಿಲ್ಲ, ಲ್ಯಾಪ್‌ಟಾಪು, ಊಟದ ಡಬ್ಬಿ, ಮಳೆಕೋಟು ಎಲ್ಲವೂ ಹಿಡಿಸುತ್ತವೆ.

ನಿಲ್ಲಿಸುವ ಬಲ

ಮುಂದಿನ ಬ್ರೇಕು ಹಿಡಿದರೆ ಮುಗ್ಗರಿಸುತ್ತೇವೆಂಬ ಹೆದರಿಕೆಯಿಂದ ಅನೇಕರು ಹಿಂದಿನದನ್ನೇ ನೆಚ್ಚುತ್ತಾರೆ. ಬ್ರೇಕು ಹಾಕುತ್ತಿದ್ದಂತೆ ಭಾರವೆಲ್ಲ ಮುಂದಿನ ಚಕ್ರಕ್ಕೆ ಸರಿಯುತ್ತದೆ, ಹಗುರಾದ ಹಿಂದಿನ ಚಕ್ರ ಜಾರತೊಡಗುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹಿಂದಿನ ಬ್ರೇಕೊಂದರಿಂದ ನಿಲ್ಲಲು ಆರು ಮೀಟರಿಗೂ ಹೆಚ್ಚು ಬೇಕಾದರೆ, ಎರಡನ್ನೂ ಹಿಡಿದು ಮುಂದಿನದಕ್ಕೆ ಹೆಚ್ಚು ಬಲ ಕೊಟ್ಟರೆ ಮೂರು ಮೀಟರಿನ ಆಸುಪಾಸು ಸಾಕು. ಮೈಯನ್ನು ಹಿಂದಕ್ಕೆ ಸರಿಸಿ, ಹಂತಹಂತವಾಗಿ ಒತ್ತಬೇಕು. ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿದರೆ ಕೈಗೆ ಹದ ಸಿಗುತ್ತದೆ. ಒದ್ದೆಯಾದ ಸ್ಟೀಲ್ ರಿಮ್ಮಿನ ಮೇಲೆ ರಬ್ಬರಿನ ಹಿಡಿತ ತೀರಾ ಕುಸಿಯುತ್ತದೆ. ಮಳೆಯಲ್ಲೂ ಓಡಿಸುವವರು ಅಲ್ಯೂಮಿನಿಯಂ ರಿಮ್ಮು ಅಥವಾ ಡಿಸ್ಕ್ ಬ್ರೇಕು ಇರುವ ಸೈಕಲ್ಲನ್ನೇ ಆರಿಸಬೇಕು.

ಕಾಣುವುದು, ಕಾಣಿಸಿಕೊಳ್ಳುವುದು

ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೊಹಾನ್ಸನ್ 1973ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕತ್ತಲಲ್ಲಿ ಕೀಲುಗಳ ಮೇಲೆ ಮಾತ್ರ ಬೆಳಕಿನ ಚುಕ್ಕೆಗಳಿರುವ ಮನುಷ್ಯ ನಡೆದರೆ, ನೋಡುವವರಿಗೆ ಅದು ಮನುಷ್ಯನೆಂದು ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಚುಕ್ಕೆಗಳು ನಿಂತಿದ್ದರೆ ತಿಳಿಯುವುದಿಲ್ಲ. ಹಾಗಾಗಿ ಹಿಂದಿನ ಕೆಂಪು ದೀಪದ ಜೊತೆಗೆ ಪೆಡಲಿಗೂ ಕಣಕಾಲಿಗೂ ಬೆಳಕು ಮರಳಿಸುವ ಪಟ್ಟಿ ಅಂಟಿಸಬೇಕು. ಮೇಲೆ ಕೆಳಗೆ ಆಡುವ ಆ ಪಟ್ಟಿ ಮುಂದೆ ಹೋಗುತ್ತಿರುವುದು ಸೈಕಲ್ಲು ಎಂದು ಲಾರಿಯವರಿಗೂ ಕಾರಿನವರಿಗೂ ದೂರದಿಂದಲೇ ಹೇಳುತ್ತದೆ. ಮುಂದಿನ ದೀಪ ರಸ್ತೆಯ ಕಡೆ ಬಾಗಿರಲಿ, ಎದುರಿನವರ ಕಣ್ಣಿಗೆ ಹೊಡೆಯದಿರಲಿ.

ಮಡ್‌ಗಾರ್ಡು ಮಳೆಗಾಲದ ಕೆಸರು ಬೆನ್ನಿಗೆ ಹಾರದಂತೆ ಚಕ್ರವನ್ನು ಪೂರ್ತಿ ಆವರಿಸಿ, ಮುಂದಿನದರ ತುದಿಯ ರಬ್ಬರು ನೆಲದ ಹತ್ತಿರದವರೆಗೆ ಇಳಿದಿರಬೇಕು. ಸೀರೆ, ಚೂಡಿದಾರ, ಪಂಚೆ ಉಡುವವರಿಗೆ ಪೂರ್ತಿ ಮುಚ್ಚಿದ ಚೈನ್ ಕವರ್ ಬೇಕೇಬೇಕು. ಅದು ಬಟ್ಟೆಯನ್ನು ಕಾಯುವಂತೆ ಚೈನನ್ನೂ ಧೂಳಿನಿಂದ ಕಾಯುತ್ತದೆ.

ಚೈನಿನ ಆರೈಕೆ

ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಸ್ಪೈಸರ್ ತಂಡ 1999ರಲ್ಲಿ ಅಳೆದಾಗ ಸೈಕಲ್ ಚೈನು ಪೆಡಲಿನ ಶಕ್ತಿಯಲ್ಲಿ ಶೇಕಡಾ 98.6ರವರೆಗೂ ಚಕ್ರಕ್ಕೆ ಮುಟ್ಟಿಸಿತು. ಪ್ರಯೋಗಾಲಯದ ಸ್ವಚ್ಛ ಚೈನಿನಲ್ಲಿ ಎಣ್ಣೆ ಇದ್ದರೂ ಇಲ್ಲದಿದ್ದರೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ರಸ್ತೆಯಲ್ಲಿ ಎಣ್ಣೆಯ ದೊಡ್ಡ ಉಪಯೋಗವೆಂದರೆ ಧೂಳನ್ನೂ ತುಕ್ಕನ್ನೂ ಕೊಂಡಿಗಳೊಳಗೆ ಬಿಡದಿರುವುದು. ಒಂದೊಂದು ಉರುಳೆಗೂ ಒಂದು ಹನಿ ಬಿಟ್ಟು, ಹೊರಗಿನದನ್ನು ಬಟ್ಟೆಯಿಂದ ಪೂರ್ತಿ ಒರೆಸಬೇಕು. ಹೊರಗೆ ಉಳಿದ ಎಣ್ಣೆ ಧೂಳು ಹಿಡಿದು ಅರದಂತೆ ಉಜ್ಜುತ್ತದೆ. ಹೊಸ ಚೈನಿನ 24 ಕೊಂಡಿಗಳ ಉದ್ದ ಸರಿಯಾಗಿ 12 ಇಂಚು. ಅದು ಒಂದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಉದ್ದವಾದರೆ ಚೈನು ಬದಲಿಸುವ ಕಾಲ ಬಂತು. ತಡಮಾಡಿದರೆ ಹಲ್ಲುಗಾಲಿಗಳೂ ಸವೆದು ಖರ್ಚು ಹಲವು ಪಟ್ಟಾಗುತ್ತದೆ.

ಯಾವುದು ಮೊದಲು

ಸೀಟಿನ ಎತ್ತರ ಮತ್ತು ಟಯರಿನ ಗಾಳಿಗೆ ದುಡ್ಡೇ ಬೇಡ, ಇವತ್ತೇ ಮಾಡಬಹುದು. ಚೈನು ಒರೆಸಿ ಎಣ್ಣೆ ಬಿಡುವುದು, ಬ್ರೇಕಿನ ರಬ್ಬರು ಬದಲಿಸುವುದು ನೂರಿನ್ನೂರು ರೂಪಾಯಿಯ ಮಾತು. ಆಮೇಲೆ ದೀಪ, ಪಟ್ಟಿ, ಮಡ್‌ಗಾರ್ಡು, ಕ್ಯಾರಿಯರು. ಅದಾದ ಮೇಲೆ ನುಣ್ಣನೆಯ ಅಗಲ ಟಯರು, ದಾರಿಯಲ್ಲಿ ಏರಿದ್ದರೆ ತಗ್ಗಿನ ಗೇರು. ಹೊಸ ಸೈಕಲ್ಲಿನ ಯೋಚನೆ ಬರಬೇಕಾದದ್ದು ಇವೆಲ್ಲ ಮುಗಿದ ಮೇಲೆ, ಆಗ ಅದು ಬೇಕೆನಿಸಿದರೆ ಮಾತ್ರ. ನೂರು ವಾಟನ್ನು ಹೆಚ್ಚಿಸುವುದು ಕಷ್ಟ, ಅದು ಸೋರದಂತೆ ನೋಡಿಕೊಳ್ಳುವುದು ಯಾರಿಗಾದರೂ ಸಾಧ್ಯ. ಮನೆಯಲ್ಲಿ ಮೂಲೆ ಸೇರಿರುವ ಸೈಕಲ್ಲಿಗೆ ಒಂದು ಭಾನುವಾರದ ಬೆಳಗು ಕೊಟ್ಟರೆ ಸೋಮವಾರ ಅದು ಕೆಲಸಕ್ಕೆ ಕರೆದೊಯ್ಯಲು ತಯಾರಾಗಿರುತ್ತದೆ.