ಪೀತಜ್ವರವೂ ಸೇನಾವೈದ್ಯರೂ: ಹವಾನಾ ಪ್ರಯೋಗಗಳು (1900–1901)

ಸೈನ್ಯಗಳ ಚರಿತ್ರೆಯಲ್ಲಿ ಶತ್ರುವಿನ ಆಯುಧಕ್ಕಿಂತ ರೋಗವೇ ಹೆಚ್ಚು ಪ್ರಾಣಹಾನಿ ಮಾಡಿದ ಪ್ರಸಂಗಗಳು ಹಲವುಂಟು. 1802ರಲ್ಲಿ ಹೈಟಿಯಲ್ಲಿ ಇಳಿದ ನೆಪೋಲಿಯನ್ನನ ಸೈನ್ಯವನ್ನೂ ಅದರ ದಂಡನಾಯಕ ಲೆಕ್ಲೆರ್‌ನನ್ನೂ ನಾಶಗೊಳಿಸಿದುದು ಮುಖ್ಯವಾಗಿ ಪೀತಜ್ವರ. ಹಠಾತ್ತಾಗಿ ಏರುವ ಜ್ವರ, ಹಳದಿಗಟ್ಟುವ ಮೈ, ಕೊನೆಗೆ ಕಪ್ಪು ವಾಂತಿ: ಇವು ಅದರ ಭೀಕರ ಲಕ್ಷಣಗಳು. ಈ ರೋಗದ ಹರಡುವಿಕೆಯ ರಹಸ್ಯವನ್ನು ಸೇನಾವೈದ್ಯರು ಬಿಡಿಸಿದ ಬಗೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

1898ರ ಯುದ್ಧದಲ್ಲಿ ಸ್ಪೇನ್ ಸೋತ ತರುವಾಯ ಕ್ಯೂಬಾ ಅಮೆರಿಕದ ಸೇನಾಡಳಿತಕ್ಕೆ ಒಳಪಟ್ಟಿತು. ಅಲ್ಲಿನ ಅಮೆರಿಕನ್ ಸೈನಿಕರಲ್ಲಿ ಜ್ವರ ಹಬ್ಬಲು, 1900ರಲ್ಲಿ ಮೇಜರ್ ವಾಲ್ಟರ್ ರೀಡ್, ಜೇಮ್ಸ್ ಕ್ಯಾರೋಲ್, ಜೆಸ್ಸಿ ಲಾಜಿಯರ್, ಅರಿಸ್ಟಿಡೆಸ್ ಆಗ್ರಮಾಂಟೆ ಎಂಬ ನಾಲ್ವರು ವೈದ್ಯರ ಮಂಡಲಿ ನೇಮಕವಾಯಿತು.

ರೋಗಿಯ ಬಟ್ಟೆಹಾಸಿಗೆಗಳಿಂದ ಸೋಂಕು ತಗಲುವುದೆಂಬುದು ಆಗಿನ ಪ್ರಬಲ ನಂಬಿಕೆ. ಸೊಳ್ಳೆಯೇ ವಾಹಕವೆಂದು ಹವಾನಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲಿಯೇ ಪ್ರತಿಪಾದಿಸಿದ್ದರೂ ಅವರ ಪ್ರಯೋಗಗಳು ಲೋಕವನ್ನು ಒಪ್ಪಿಸಲಿಲ್ಲ. ಇದಕ್ಕೆ ಕಾರಣವೇನು? ರೋಗಿಯನ್ನು ಕಚ್ಚಿದ ಸೊಳ್ಳೆಯನ್ನು ಅವರು ಕೆಲವೇ ದಿನಗಳಲ್ಲಿ ಇನ್ನೊಬ್ಬನ ಮೇಲೆ ಬಿಡುತ್ತಿದ್ದರು. ಒಂದು ಮನೆಯಲ್ಲಿ ಮೊದಲ ರೋಗಿ ಕಾಣಿಸಿಕೊಂಡ ಎರಡು ಮೂರು ವಾರಗಳ ತರುವಾಯವೇ ಉಳಿದವರು ಮಲಗುವರೆಂದು ಹೆನ್ರಿ ಕಾರ್ಟರ್ ಎಂಬ ವೈದ್ಯರು 1898ರಲ್ಲಿ ಮಿಸಿಸಿಪಿಯ ಹಳ್ಳಿಗಳಲ್ಲಿ ಗಮನಿಸಿದ್ದರು. ಈ ಎರಡು ಸಂಗತಿಗಳನ್ನು ಜೋಡಿಸಿದಾಗ ಒಗಟು ಬಿಡಿಸಿತು. ರೋಗಬೀಜವು ಸೊಳ್ಳೆಯ ದೇಹದಲ್ಲಿ ಪಕ್ವವಾಗಲು ಸುಮಾರು 12 ದಿನಗಳು ಬೇಕು. ಸೊಳ್ಳೆಯಾದರೋ ಜ್ವರದ ಮೊದಲ ಎರಡು ಮೂರು ದಿನಗಳೊಳಗೆ ರೋಗಿಯನ್ನು ಕಚ್ಚಿರಬೇಕು.

ಫಿನ್ಲೆಯವರೇ ಕೊಟ್ಟ ಮೊಟ್ಟೆಗಳಿಂದ ಲಾಜಿಯರ್ ಸೊಳ್ಳೆಗಳನ್ನು ಬೆಳೆಸಿದರು. ಆಗಸ್ಟ್ 27ರಂದು ಕ್ಯಾರೋಲ್ ತಮ್ಮನ್ನು ಕಚ್ಚಿಸಿಕೊಂಡು ಮರಣದ ಅಂಚಿನಿಂದ ಮರಳಿದರು. ಲಾಜಿಯರ್ ಸೆಪ್ಟೆಂಬರ್ 25ರಂದು ಇದೇ ಜ್ವರದಿಂದ ಮೃತರಾದರು. ಸೊಳ್ಳೆ ಅಕಸ್ಮಾತ್ತಾಗಿ ಕಚ್ಚಿತೆಂದು ವರದಿಯಾಯಿತು. ಅವರು ಬುದ್ಧಿಪೂರ್ವಕವಾಗಿ ಕಚ್ಚಿಸಿಕೊಂಡಿರಬೇಕೆಂದು ಅನೇಕ ಚರಿತ್ರಕಾರರು ಊಹಿಸುತ್ತಾರೆ.

ಆದರೆ ಕ್ಯಾರೋಲ್ ಬೇರೆಡೆಯಿಂದಲೂ ಸೋಂಕು ಪಡೆದಿರಬಹುದೆಂಬ ಆಕ್ಷೇಪಕ್ಕೆ ಎಡೆಯಿತ್ತು. ಆದುದರಿಂದ ನವೆಂಬರ್ 20ರಂದು ಲಾಜಿಯರ್ ಹೆಸರಿನಲ್ಲಿ ಪ್ರತ್ಯೇಕ ಶಿಬಿರ ತೆರೆಯಿತು. ಅಲ್ಲಿನ ಒಂದು ಮನೆಯಲ್ಲಿ ಸ್ವಯಂಸೇವಕರು ಸರದಿಯಂತೆ ರೋಗಿಗಳ ಮಲಿನ ಹಾಸಿಗೆಗಳಲ್ಲಿ ರಾತ್ರಿಗಳನ್ನು ಕಳೆದರು. ಒಬ್ಬನಿಗೂ ಜ್ವರ ಬರಲಿಲ್ಲ. ಇನ್ನೊಂದು ಮನೆಯನ್ನು ತಂತಿಬಲೆಯಿಂದ ಇಬ್ಭಾಗ ಮಾಡಲಾಗಿತ್ತು. ಸೊಳ್ಳೆಗಳಿದ್ದ ಭಾಗದಲ್ಲಿ ಕಚ್ಚಿಸಿಕೊಂಡ ಜಾನ್ ಮೊರಾನ್ ಡಿಸೆಂಬರ್ 25ರಂದು ಜ್ವರಪೀಡಿತರಾದರು. ಅದೇ ಗಾಳಿಯನ್ನು ಉಸಿರಾಡುತ್ತ ಬಲೆಯ ಈಚೆಗೆ ಇದ್ದವರು ಆರೋಗ್ಯವಾಗಿಯೇ ಇದ್ದರು.

ಇಲ್ಲಿ ನೀತಿಯ ಪ್ರಶ್ನೆಯೊಂದು ಉದ್ಭವಿಸುತ್ತದೆ. ಸ್ಪೇನಿನಿಂದ ಹೊಸದಾಗಿ ಬಂದ ವಲಸೆಗಾರರಿಂದ ಮಂಡಲಿಯು ಲಿಖಿತ ಸಮ್ಮತಿ ಪಡೆಯಿತು. ಪ್ರಯೋಗಕ್ಕೆ ಒಪ್ಪಿದವನಿಗೆ 100 ಡಾಲರ್, ಜ್ವರ ಬಂದರೆ ಮತ್ತೆ 100 ಡಾಲರ್. ಮಾನವ ಪ್ರಯೋಗದ ಚರಿತ್ರೆಯಲ್ಲಿ ಈ ಒಪ್ಪಂದಪತ್ರವು ಒಂದು ಮುನ್ನಡೆಯೇ ಸರಿ. ಆದರೆ ಬಡವಲಸಿಗನ ಸಮ್ಮತಿಯಲ್ಲಿ ಸ್ವೇಚ್ಛೆಯೆಷ್ಟು, ದಾರಿದ್ರ್ಯವೆಷ್ಟು ಎಂಬುದನ್ನು ಆ ಪತ್ರ ಹೇಳಲಾರದು. 1901ರಲ್ಲಿ ಹವಾನಾದಲ್ಲಿ ಬೇರೊಬ್ಬ ವೈದ್ಯರು ನಡೆಸಿದ ಇಂತಹ ಪ್ರಯೋಗಗಳಲ್ಲಿ ಕ್ಲಾರಾ ಮಾಸ್ ಎಂಬ ಶುಶ್ರೂಷಕಿಯೂ ಸೇರಿದಂತೆ ಮೂವರು ಮಡಿದರು.

ಫಲವಂತೂ ಶೀಘ್ರವಾಗಿ ದೊರೆಯಿತು. 1901ರಲ್ಲಿ ಮೇಜರ್ ವಿಲಿಯಂ ಗಾರ್ಗಸ್ ಹವಾನಾದ ನೀರಿನ ತೊಟ್ಟಿಗಳನ್ನು ಮುಚ್ಚಿಸಿ, ನಿಂತ ನೀರಿಗೆ ಎಣ್ಣೆ ಸುರಿಸಿ, ರೋಗಿಗಳ ಕೋಣೆಗಳಿಗೆ ಬಲೆ ಕಟ್ಟಿಸಿದರು. ಒಂದು ಶತಮಾನಕ್ಕೂ ಮಿಗಿಲಾಗಿ ನೆಲೆಸಿದ್ದ ಪೀತಜ್ವರ ಕೆಲವೇ ತಿಂಗಳುಗಳಲ್ಲಿ ನಗರವನ್ನು ಬಿಟ್ಟಿತು. ರೋಗಕಾರಕವನ್ನು ಕಣ್ಣಾರೆ ಕಾಣುವ ಮುನ್ನವೇ ರೋಗವನ್ನು ತಡೆದಂತಾಯಿತು. ಮ್ಯಾಕ್ಸ್ ಥೈಲರ್ ಅವರ ಲಸಿಕೆ ಸಿದ್ಧವಾದುದು 1937ರಷ್ಟು ತಡವಾಗಿ.

ಈ ಕೀರ್ತಿಯನ್ನು ರೀಡ್ ಒಬ್ಬರಿಗೇ ಸಲ್ಲಿಸುವುದು ವಾಡಿಕೆಯಾಗಿದೆ. ಆದರೆ ಫಿನ್ಲೆಯವರ ಊಹೆ, ಕಾರ್ಟರ್ ಎಣಿಸಿದ ದಿನಗಳು, ಲಾಜಿಯರ್ ಅವರ ಪ್ರಾಣ, ಸೈನಿಕ ಹಾಗೂ ವಲಸಿಗರ ದೇಹಗಳು—ಇವೆಲ್ಲವೂ ಸೇರಿಯೇ ಸತ್ಯವು ಸಿದ್ಧವಾಯಿತು. ಚರಿತ್ರಕಾರನು ಈ ಲೆಕ್ಕದಲ್ಲಿ ಯಾರನ್ನೂ ಬಿಡಲಾಗದು.